‘ಪ್ರೈಡ್ ಅಂಡ್ ಪ್ರೆಜುಡಿಸ್’: ಹಣ, ಅಂತಸ್ತು, ಮಾನಗಳನ್ನು ಗುರುತಿಸುತ್ತ ಓದುವ ಬಗೆ

1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ರ ಈ ಕಾದಂಬರಿಯನ್ನು ಪೆನ್ಸಿಲ್ ಹಿಡಿದು ಓದಬೇಕು. ಹೊಸ ಪಾತ್ರವೊಂದು ಬಂದಾಗಲೆಲ್ಲ ಅವರ ಬಳಿ ಹಣವೆಷ್ಟಿದೆ, ಅದು ಎಲ್ಲಿಂದ ಬಂತು, ಅದರ ಬಗ್ಗೆ ಮಾತನಾಡುತ್ತಿರುವವರು ಯಾರು ಎಂಬ ಮೂರು ಸಂಗತಿಗಳನ್ನು ಪುಟದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಮೊದಲು ವಾರ್ಷಿಕ ಆದಾಯವನ್ನೂ ಅಸಲನ್ನೂ ಬೇರ್ಪಡಿಸಿ. ಊರಿಗೆ ಹೊಸದಾಗಿ ಬಂದ ಶ್ರೀಮಂತ ಯುವಕ ಬಿಂಗ್ಲಿಗೆ ತಂದೆಯಿಂದ ಬಂದದ್ದು ಸುಮಾರು 1,00,000 ಪೌಂಡ್. ಅವನ ಆದಾಯ ವರ್ಷಕ್ಕೆ ನಾಲ್ಕೈದು ಸಾವಿರವೆಂದು ಊರು ಹೇಳುತ್ತದೆ. ಅಂದರೆ ಶೇಕಡಾ ನಾಲ್ಕೈದರ ಬಡ್ಡಿ. ಈ ದರವನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕಗಳು ಸುಲಭವಾಗುತ್ತವೆ. ಬೆನೆಟ್ ಮನೆತನಕ್ಕೆ ಜಮೀನಿನಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆಯಾದರೂ ಆಸ್ತಿ ಗಂಡು ವಾರಸುದಾರನಿಗೇ ಸೇರಬೇಕೆಂಬ ಕಟ್ಟುಪಾಡಿರುವುದರಿಂದ ಐವರು ಹೆಣ್ಣುಮಕ್ಕಳನ್ನು ದಾಟಿ ಅದು ದೂರದ ನೆಂಟ ಕಾಲಿನ್ಸ್‌ನ ಪಾಲಾಗಲಿದೆ. ಅದೇ ಕಾಲಿನ್ಸ್ ಆ ಮನೆಯ ಎರಡನೆಯ ಮಗಳು, ಕಥಾನಾಯಕಿ ಎಲಿಜಬೆತ್‌ಳ ಕೈ ಬೇಡುತ್ತಿರುವಾಗಲೇ, ಅವಳಿಗೆ ಸಿಗುವುದು ಶೇಕಡಾ 4ರ ಬಡ್ಡಿಯ 1,000 ಪೌಂಡ್ ಮಾತ್ರ, ಅದೂ ತಾಯಿ ತೀರಿಕೊಂಡ ಮೇಲೆ ಎಂದು ನೆನಪಿಸುತ್ತಾನೆ. ಇಲ್ಲಿ ನಿಂತು ಲೆಕ್ಕ ಹಾಕಿ: ವರ್ಷಕ್ಕೆ 40 ಪೌಂಡ್. ಇಷ್ಟನ್ನೇ ನಂಬಿಕೊಂಡಿರುವ ಹುಡುಗಿ ಅವನನ್ನು ನಿರಾಕರಿಸುತ್ತಾಳೆ. ಆ ಧೈರ್ಯದ ತೂಕ ನನಗೆ ತಿಳಿದದ್ದು ಈ ಲೆಕ್ಕ ಮಾಡಿದ ಮೇಲೆಯೇ.

ಹಣದ ಮೂಲವನ್ನು ಹುಡುಕುವಾಗ ಬಿಂಗ್ಲಿಯ ಸೋದರಿಯರ ಮೇಲೆ ಕಣ್ಣಿಡಿ. ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಎಲಿಜಬೆತ್ ಮೂರು ಮೈಲಿ ನಡೆದು ಬಂದಾಗ ಅವರು ಆಡಿಕೊಳ್ಳುವುದು ಅವಳ ಒಳಲಂಗಕ್ಕೆ ಆರು ಅಂಗುಲ ಮೆತ್ತಿದ ಕೆಸರನ್ನು. ನಗುವುದು ಲಂಡನ್ನಿನ ಚೀಪ್‌ಸೈಡ್ ಬಳಿ ವಾಸಿಸುವ ಅವಳ ವ್ಯಾಪಾರಿ ಸೋದರಮಾವನನ್ನು ಕುರಿತು. ಅವರ ಸಿರಿಯೂ ವ್ಯಾಪಾರದ್ದೇ, ಅಣ್ಣನ ಮನೆಯೂ ಬಾಡಿಗೆಯದೇ. ಭೂಮಿಯ ಒಡೆತನ ವ್ಯಾಪಾರಕ್ಕಿಂತ ಮೇಲೆಂದು ನಂಬಿದ್ದ ಆ ಸಮಾಜದಲ್ಲಿ ಅವರು ಮರೆಯಲು ಬಯಸುವುದು ಇದನ್ನೇ.

ಮಾನದ ವಿಷಯದಲ್ಲಿ ಊರಿನ ಬಾಯಿಯನ್ನು ಹಿಂಬಾಲಿಸಿ. ಬಿಂಗ್ಲಿಯ ಗೆಳೆಯ ಡಾರ್ಸಿ ನೃತ್ಯಕೂಟಕ್ಕೆ ಬಂದ ಐದೇ ನಿಮಿಷದಲ್ಲಿ ಅವನ 10,000 ಪೌಂಡಿನ ಆದಾಯದ ಸುದ್ದಿ ಹಬ್ಬುತ್ತದೆ. ಕೂಟ ಮುಗಿಯುವ ಮೊದಲೇ ಅವನ ಬಿಗುಮಾನಕ್ಕೆ ಬೇಸತ್ತು ಅದೇ ಜನ ಅವನನ್ನು ಹಳಿಯುತ್ತಾರೆ. ಆದರೂ ಅವನು ಕಳೆದುಕೊಳ್ಳುವುದೇನೂ ಇಲ್ಲ. ಬೆನೆಟ್ ಮನೆಯ ಕೊನೆಯ ಮಗಳು ಲಿಡಿಯಾ ಸೇನಾಧಿಕಾರಿ ವಿಕಮ್‌ನೊಡನೆ ಓಡಿಹೋದಾಗಲಾದರೋ ಕಳಂಕ ನಾಲ್ವರು ಸೋದರಿಯರಿಗೂ ತಟ್ಟುತ್ತದೆ. ಅದನ್ನು ಮುಚ್ಚಲು ಡಾರ್ಸಿ ವಿಕಮ್‌ನ ಸಾವಿರಕ್ಕೂ ಮಿಕ್ಕಿದ ಸಾಲ ತೀರಿಸಿ, ಲಿಡಿಯಾಳ ಹೆಸರಿಗೆ ಇನ್ನೊಂದು ಸಾವಿರ ಬರೆದು, ಅವನಿಗೆ ಸೈನ್ಯದಲ್ಲಿ ಹುದ್ದೆಯನ್ನೂ ಕೊಳ್ಳುತ್ತಾನೆ. ಈ ಮೊತ್ತವೂ ನಿಮ್ಮ ಅಂಚಿನಲ್ಲಿರಲಿ.

ಬಳಿಕ 22ನೇ ಅಧ್ಯಾಯಕ್ಕೆ ಮರಳಿ, ಎಲಿಜಬೆತ್‌ಳ ಗೆಳತಿ, ಆಸ್ತಿಯಿಲ್ಲದ 27ರ ಷಾರ್ಲಟ್ ಕಾಲಿನ್ಸ್‌ನಿಗೆ ಒಪ್ಪಿಗೆ ಕೊಡುವ ಪುಟಗಳನ್ನು ನಿಧಾನವಾಗಿ ಮತ್ತೊಮ್ಮೆ ಓದಿ.