ಘಾಟಿ ಏರುವ ಹಳೆಯ ಲಾರಿ: ಹೊಗೆಯ ಮೂಲ ಪತ್ತೆ ಹೇಗೆ?

ಹೊಸಂಗಡಿಯಿಂದ ಬಾಳೆಬರೆ ಘಾಟಿ ಏರಿ ಮಾಸ್ತಿಕಟ್ಟೆಯತ್ತ ಬರುವ ಹಳೆಯ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್) ಇರುವ ಲಾರಿಯ ಎಂಜಿನ್ ಹೇಗಿದೆಯೆಂಬುದನ್ನು ಅದರ ಸೈಲೆನ್ಸರ್ ನೋಡಿಯೇ ಬಹುಮಟ್ಟಿಗೆ ಹೇಳಬಹುದು. ಆದರೆ ಹೊಗೆಯ ಬಣ್ಣವೊಂದನ್ನೇ ನಂಬಿ ಡೀಸೆಲ್ ಪಂಪನ್ನೋ ಟರ್ಬೊವನ್ನೋ ಬಿಚ್ಚಿಸಿದರೆ ಹಣ ಕಳೆದುಕೊಳ್ಳುವ ಸಂಭವವೇ ಹೆಚ್ಚು. ಹೊಗೆ ಬರುವುದು ಬೆಳಗಿನ ಸ್ಟಾರ್ಟಿಂಗ್‌ನಲ್ಲೋ, ಏರಿನಲ್ಲೋ, ಇಳಿಜಾರು ಮುಗಿದು ಆಕ್ಸಿಲರೇಟರ್ ಒತ್ತಿದಾಗಲೋ ಎಂಬುದನ್ನು ಚಾಲಕರಿಂದ ಮೊದಲು ಕೇಳಿ ಬರೆದಿಟ್ಟುಕೊಳ್ಳಿ.

ಏರಿನಲ್ಲಿ ಮಾತ್ರ ಕಪ್ಪು ಹೊಗೆ ಬಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಬೇಸಿಗೆಯ ಕೆಂಪು ದೂಳು, ಮಳೆಗಾಲದ ಥಂಡಿ ಎರಡೂ ಏರ್ ಫಿಲ್ಟರನ್ನು ಬೇಗ ಕಟ್ಟಿಸುವುದರಿಂದ ಪರೀಕ್ಷೆ ಅಲ್ಲಿಂದಲೇ ಆರಂಭವಾಗಬೇಕು. ಅನಂತರ ಟರ್ಬೊದಿಂದ ಎಂಜಿನ್ನಿಗೆ ಹೋಗುವ ಹೋಸ್ ಪೈಪುಗಳನ್ನು ಕೈಯಿಂದ ಹಿಚುಕಿ, ತಿರುಗಿಸಿ, ಕೆಳಬದಿಯನ್ನು ಟಾರ್ಚ್ ಹಾಕಿ ನೋಡಿ. ನಮ್ಮ ಮನೆಯ ಲಾರಿಗೆ ಒಂದು ಗ್ಯಾರೇಜಿನಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನೆಲ್ಲ ಬದಲಿಸಿದರೂ ಹೊಗೆ ನಿಲ್ಲಲಿಲ್ಲ. ಕೊನೆಗೆ ಸಿಕ್ಕಿದ್ದು ಹೋಸಿನ ಅಡಿಯಲ್ಲಿ, ಕ್ಲಾಂಪಿನ ಅಂಚಿಗೆ ತಾಗಿದಂತೆ ಇದ್ದ ಬೆರಳುದ್ದದ ಸೀಳು. ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು, ಸುತ್ತಲೂ ಎಣ್ಣೆ ಬೆರೆತ ಮಸಿ ಅಂಟಿಕೊಂಡಿತ್ತು. ಲೋಡ್ ಬಿದ್ದು ಟರ್ಬೊ ಗಾಳಿ ತುಂಬಿದಾಗಲಷ್ಟೇ ಅದು ಸೋರುತ್ತಿದ್ದುದರಿಂದ ನಿಂತ ಲಾರಿಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ಹೊಗೆ ತಪಾಸಣೆಯಲ್ಲೂ ಇದೇ ಮಿತಿಯಿದೆ: ಬಿಎಸ್-4 ಮಾಲಿನ್ಯ ನಿಯಮಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65 ಹಾರ್ಟ್‌ರಿಡ್ಜ್ ಯೂನಿಟ್ (ಹೊಗೆಯ ದಟ್ಟಣೆಯ ಅಳತೆ) ಗರಿಷ್ಠವೆಂದಿದ್ದರೂ ಲೋಡ್ ಇಲ್ಲದೆ, ನಿಂತಲ್ಲೇ ರೇಸ್ ಕೊಟ್ಟು ಅಳೆಯುವುದರಿಂದ ಅಲ್ಲಿ ಪಾಸಾದ ಲಾರಿಯೂ ಘಾಟಿಯಲ್ಲಿ ಕಪ್ಪು ಹೊಗೆ ಬಿಡಬಹುದು.

ಗಾಳಿಯ ದಾರಿ ಸರಿಯಿದ್ದರೆ ಮಾತ್ರ ನಾಝಲ್ ಕಡೆಗೆ ಬನ್ನಿ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿನಲ್ಲಿ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುತ್ತಿರುವಾಗ, ಅನುಭವಿ ಮೆಕ್ಯಾನಿಕ್ ನಾಝಲ್‌ಗೆ ಹೋಗುವ ಒಂದೊಂದೇ ಡೀಸೆಲ್ ಪೈಪಿನ ನಟ್ಟನ್ನು ತುಸು ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರಿನಲ್ಲೇ ದೋಷವಿದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು, ಏಕೆಂದರೆ ಅಲ್ಲಿನ ಡೀಸೆಲ್ ಒತ್ತಡ ಚರ್ಮವನ್ನೇ ತೂರಿ ಒಳಹೋಗುವಷ್ಟಿರುತ್ತದೆ.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಉದ್ದನೆಯ ಇಳಿಜಾರಿನ ನಂತರ ಆಕ್ಸಿಲರೇಟರ್ ಒತ್ತಿದೊಡನೆ ಒಮ್ಮೆ ಬಂದು ನಿಂತರೆ ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ) ಅಥವಾ ಅದರ ಸೀಲನ್ನು ಮೊದಲು ಸಂಶಯಿಸಿ. ಸದಾ ಬರುತ್ತಿದ್ದು, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಬಹಳ ಹೊತ್ತು ಐಡಲ್‌ನಲ್ಲಿ ನಿಂತಾಗ ಹೆಚ್ಚಾದರೆ ಟರ್ಬೊ ನೋಡಬೇಕು. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಗಾಳಿ ಒಳಬರುವ ಪೈಪ್ ಬಿಚ್ಚಿ, ಫ್ಯಾನಿನ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಸ್ವಲ್ಪ ಆಟವಿರುವುದು ಸಹಜ. ಹಿಂದೆ ಮುಂದೆ ಆಡುವುದು ಕೈಗೆ ಸ್ಪಷ್ಟವಾಗಿ ತಿಳಿದರೆ ಅಥವಾ ಎಸಳು ಗೋಡೆಗೆ ಉಜ್ಜಿದ ಗೆರೆ ಕಂಡರೆ ಬೇರಿಂಗ್ ಹೋಗಿದೆ. ಆದರೆ ಫಿಲ್ಟರ್ ಕಟ್ಟಿಕೊಂಡಿದ್ದರೂ, ಟರ್ಬೊದಿಂದ ಆಯಿಲ್ ಮರಳುವ ಪೈಪ್ ಮುಚ್ಚಿಕೊಂಡಿದ್ದರೂ ಒಳ್ಳೆಯ ಟರ್ಬೊ ಸಹ ಎಣ್ಣೆ ಬಿಡುತ್ತದೆ. ಇವನ್ನು ಸರಿಪಡಿಸದೆ ಹೊಸ ಟರ್ಬೊ ಕೂರಿಸಿದರೆ ಅದೂ ಹಾಗೆಯೇ ಎಣ್ಣೆ ಬಿಡುತ್ತದೆ. ಇದನ್ನು ಮೆಕ್ಯಾನಿಕ್‌ಗೆ ಒತ್ತಿ ಹೇಳಿ.

ಆಗುಂಬೆ, ತೀರ್ಥಹಳ್ಳಿಯ ಕಡೆ ಮಳೆಗಾಲದ ಮುಂಜಾನೆ ಬರುವ ಬಿಳಿ ಹಬೆಗೆ ಹೆದರಬೇಕಿಲ್ಲ, ಎಂಜಿನ್ ಬಿಸಿಯಾದಂತೆ ಅದು ಮಾಯವಾಗುತ್ತದೆ. ಕಣ್ಣು ಉರಿಸುತ್ತ ಗಾಳಿಯಲ್ಲಿ ತೇಲಿ ನಿಲ್ಲುವ ಬಿಳಿ ಹೊಗೆ ಮಾತ್ರ ಉರಿಯದೆ ಹೊರಬಿದ್ದ ಡೀಸೆಲ್. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಅದುಮುವ ಒತ್ತಡ), ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ), ನಾಝಲ್ ಈ ಮೂರನ್ನೂ ಪರೀಕ್ಷಿಸಿ. ಬಿಸಿಯಾದ ಮೇಲೂ ಸಿಹಿ ವಾಸನೆಯ ಹಬೆ ಬರುತ್ತಿದ್ದು ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಕೆಳಗಿನ ಸೀಲು) ಹೋಗಿರಬಹುದು. ಡಿಪ್‌ಸ್ಟಿಕ್ಕಿನ ಆಯಿಲ್ ಕೂಲೆಂಟ್ ಬೆರೆತು, ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಲಾರಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.