ಡಿಸೆಂಬರ್ ಖರ್ಚು ಹಿಡಿತಕ್ಕೆ ಬಂದದ್ದು ಹೀಗೆ

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಅಂದ್ರೆ ಕುಸ್ವಾರ್, ಹಬ್ಬಕ್ಕೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳು. ಗೋಡಂಬಿ, ತುಪ್ಪ, ಹೊಸ ಬಟ್ಟೆ ಎಲ್ಲಾ ಡಿಸೆಂಬರ್‌ನಲ್ಲೇ ಬಂದು, ಜನವರಿಗೆ ಕೈ ಖಾಲಿಯಾಗುತ್ತಿತ್ತು. ಈಗ ಖರ್ಚನ್ನೇ ಹಂಚಿಬಿಟ್ಟಿದ್ದೇವೆ. ಕೇಕಿನ ಒಣಹಣ್ಣು ಹೇಗೂ ರಮ್ಮಿನಲ್ಲಿ ಚೆನ್ನಾಗಿ ನೆನೆಯಬೇಕು, ಅಲ್ವಾ? ಒಣದ್ರಾಕ್ಷಿ, ಖರ್ಜೂರ, ಚೆರ್ರಿ ಸೆಪ್ಟೆಂಬರ್ ಸಂಬಳದಲ್ಲೇ ತಂದು ಭರಣಿಗೆ ಹಾಕುತ್ತೇವೆ. ಬಟ್ಟೆ ಅಕ್ಟೋಬರ್‌ನಲ್ಲಿ. ಉಳಿದದ್ದಕ್ಕೆ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ 12 ತಿಂಗಳ ಆರ್‌ಡಿ. ಡಿಸೆಂಬರ್ ಮೊದಲ ವಾರ ದುಡ್ಡು ಕೈಗೆ ಸಿಗುತ್ತದೆ.

ನಿಜವಾಗಿ ಜಾಸ್ತಿ ಉಳಿದದ್ದು ಅಡುಗೆಮನೆಯಲ್ಲಿ. ನೆರೆಮನೆಗೆ ಕೊಡುವ ತಟ್ಟೆ ಕಡಿಮೆ ಮಾಡಲು ನನಗೆ ಮನಸ್ಸಿರಲಿಲ್ಲ. ಅದಕ್ಕೇ ಅತ್ತಿಗೆಯ ಮನೆಯವರೂ ನಾವೂ ಸೇರಿ ಕುಸ್ವಾರ್ ಮಾಡುತ್ತೇವೆ. ಮಕ್ಕಳು ಹಿಟ್ಟನ್ನು ಹೊಸ ಬಾಚಣಿಗೆಗೆ ಒತ್ತಿ ಕಿಡಿಯೊ ಎಂಬ ಸುರುಳಿ ತಿಂಡಿ ಸುತ್ತುತ್ತಾರೆ, ಅತ್ತಿಗೆ ಕರ್ಜಿಕಾಯಿಯಂಥ ನೆವ್ರಿಗೆ ಹೂರಣ ತುಂಬುತ್ತಾರೆ. ಒಂದೇ ಬಾಣಲೆ ಎಣ್ಣೆಯಲ್ಲಿ ಎರಡು ಮನೆಯದ್ದೂ ಕರಿದಾಗುತ್ತದೆ. ಬೇಕರಿಯಿಂದ ತರುವ ಪೊಟ್ಟಣ ಪೂರ್ತಿ ನಿಂತಿದೆ.