ನೀರಿನ ಬಿಲ್ಲಿಗೆ ಒಂದು ಲೆಕ್ಕ, ಮನೆ ಶುಲ್ಕಕ್ಕೆ ಇನ್ನೊಂದು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ಒಂದು ನಗರದ ಹಣಕಾಸು ವಿಭಾಗದಲ್ಲಿ ನನ್ನ ಕೆಲಸ. ಇಲ್ಲಿ ಆರ್ಥಿಕ ವರ್ಷ ಜುಲೈ 1ಕ್ಕೆ ಶುರು. ಅಂದು ಜಾರಿಗೆ ಬರಬೇಕಾದ ಶುಲ್ಕಗಳ ಪಟ್ಟಿಗೆ ಜನವರಿಯಲ್ಲೇ ಕೈ ಹಚ್ಚಬೇಕು. ನೀರು, ಒಳಚರಂಡಿ, ಕಸ, ಕಟ್ಟಡ ಪರವಾನಗಿ, ಪಾರ್ಕಿನ ಬಾಡಿಗೆ ಎಲ್ಲವೂ ಒಂದೇ ಪುಸ್ತಕದಲ್ಲಿ. ಪಾರ್ಕಿನ ಬಾಡಿಗೆ ಬದಲಿಸುವುದು ಅರ್ಧ ಗಂಟೆಯ ಮಾತು. ಚಳಿಗಾಲವನ್ನೆಲ್ಲ ನುಂಗುವುದು ಎರಡೇ: ನೀರಿನ ದರ, ಮತ್ತು ಕಡಿಮೆ ಆದಾಯದವರ ಮನೆಗಳಿಗಾಗಿ ಬಿಲ್ಡರ್‌ಗಳಿಂದ ಪಡೆಯುವ ಶುಲ್ಕ.

ನೀರಿನ ವಿಷಯದಲ್ಲಿ ನಾನು ಜುಲೈನಿಂದ ಹಿಂದಕ್ಕೆ ಎಣಿಸಿಕೊಂಡು ಬರುತ್ತೇನೆ. ಮತದಾರರು 1996ರಲ್ಲಿ ಒಪ್ಪಿದ ಪ್ರೊಪೊಸಿಷನ್ 218 ರಾಜ್ಯದ ಸಂವಿಧಾನದಲ್ಲೇ ಸೇರಿಹೋಗಿದೆ. ಅದರ ಪ್ರಕಾರ ಬಹಿರಂಗ ವಿಚಾರಣೆಗೆ ಕನಿಷ್ಠ 45 ದಿನ ಮೊದಲು ಅಂಚೆಯಲ್ಲಿ ನೋಟಿಸು ಹೋಗಬೇಕು. ಅರ್ಧಕ್ಕಿಂತ ಹೆಚ್ಚು ಆಸ್ತಿಗಳಿಂದ ಲಿಖಿತ ವಿರೋಧ ಬಂದರೆ ಏರಿಕೆ ಅಲ್ಲಿಗೇ ಬಿತ್ತು. ಜೂನ್ ಮೊದಲ ವಾರ ವಿಚಾರಣೆ ಎಂದರೆ ಏಪ್ರಿಲ್ ಮಧ್ಯಕ್ಕೆ ನೋಟಿಸು, ಮಾರ್ಚ್‌ಗೆ ಅಂಕಿ ಅಂತಿಮ.

ಆ ಅಂಕಿಯಲ್ಲಿ ನಮ್ಮ ಕೈಯಲ್ಲಿಲ್ಲದ ಪಾಲು ದೊಡ್ಡದು. ಒಂದಷ್ಟು ನೀರನ್ನು ಯೊಸೆಮಿಟಿಯ ಹೆಚ್ ಹೆಚಿ ಜಲಾಶಯದಿಂದ ತರುವ ಸ್ಯಾನ್ ಫ್ರಾನ್ಸಿಸ್ಕೊದ ಸಂಸ್ಥೆಯಿಂದ ಕೊಳ್ಳುತ್ತೇವೆ, ಇನ್ನೊಂದಷ್ಟನ್ನು ನಮ್ಮ ಕೌಂಟಿಯ ಸಗಟು ನೀರಿನ ಸಂಸ್ಥೆ ವ್ಯಾಲಿ ವಾಟರ್‌ನಿಂದ. ವ್ಯಾಲಿ ವಾಟರ್ ದರ ಹೇಳುವುದು ಎಕರೆ-ಅಡಿಗೆ, ಅಂದರೆ ಒಂದು ಎಕರೆಯ ಮೇಲೆ ಒಂದಡಿ ಆಳಕ್ಕೆ ನಿಲ್ಲುವ ನೀರಿಗೆ; ನಮ್ಮ ಬಿಲ್ಲಿನ ಯೂನಿಟ್ಟು ನೂರು ಘನ ಅಡಿ, ಅಂದರೆ 748 ಗ್ಯಾಲನ್, ಸುಮಾರು 2,830 ಲೀಟರ್. ಹಾಗಾಗಿ ಅವರ ದರವನ್ನು 435.6ರಿಂದ ಭಾಗಿಸಿದರೆ ನಮ್ಮ ಒಂದು ಯೂನಿಟ್ಟಿನ ಅಸಲು ಸಿಗುತ್ತದೆ. ಅದರ ಮೇಲೆ ಪೈಪು, ಪಂಪು, ಸಂಬಳ, ಸಾಲದ ಕಂತು. ಆಮೇಲೆ ಒಂದು ಸೆಂಟೂ ಇಲ್ಲ. ಸೇವೆಗೆ ತಗಲುವ ವೆಚ್ಚಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ.

ಈ ನಿಯಮ ಎಷ್ಟು ಬಿಗಿ ಎಂಬುದಕ್ಕೆ 2015ರ ಏಪ್ರಿಲ್ ಸಾಕು. ಬರಗಾಲ. ತಿಂಗಳ 1ನೇ ತಾರೀಕು ಗವರ್ನರ್ ಜೆರ್ರಿ ಬ್ರೌನ್ ನಗರಗಳ ನೀರಿನ ಬಳಕೆಯಲ್ಲಿ ಶೇ 25ರಷ್ಟು ಕಡಿತವಾಗಲೇಬೇಕು ಎಂದು ಆದೇಶಿಸಿದರು. ಅದೇ ತಿಂಗಳ 20ರಂದು ಮೇಲ್ಮನವಿ ನ್ಯಾಯಾಲಯ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ ನಗರದ ಮೊಕದ್ದಮೆಯಲ್ಲಿ, ಹೆಚ್ಚು ಬಳಸುವವರಿಗೆ ಹೆಚ್ಚು ದರ ಹಾಕಬೇಕಾದರೆ ಆ ಹಂತದ ನೀರಿಗೆ ನಿಜಕ್ಕೂ ಅಷ್ಟು ಖರ್ಚಾಗುತ್ತದೆ ಎಂದು ತೋರಿಸಿ ಎಂದಿತು. ಅಂದರೆ ನೀರು ಉಳಿಸಲೇಬೇಕು, ಆದರೆ ಉಳಿಸಲಿ ಎಂಬ ಕಾರಣಕ್ಕೇ ದರ ಏರಿಸುವಂತಿಲ್ಲ. ಅಂದಿನಿಂದ ಪ್ರತಿ ಹಂತದ ಪಕ್ಕದಲ್ಲೂ ಅದರ ವೆಚ್ಚದ ಲೆಕ್ಕ ಇಟ್ಟುಕೊಳ್ಳದೆ ಯಾವ ನಗರವೂ ಸಭೆಗೆ ಹೋಗುವುದಿಲ್ಲ.

ವಿರೋಧ ಪತ್ರಗಳನ್ನು ತೆರೆಯುವುದು ಸಿಟಿ ಕ್ಲರ್ಕ್. ಒಂದು ಆಸ್ತಿಗೆ ಒಂದೇ ವಿರೋಧ. ಮಾಲೀಕರೂ ಬಾಡಿಗೆಯವರೂ ಬರೆದರೂ ಎಣಿಕೆ ಒಂದೇ. ಎಣಿಕೆ ಅವರದಾದರೂ ಓದುವುದನ್ನು ನಾನು ಬಿಟ್ಟಿಲ್ಲ. ಒಬ್ಬರು ಒಣಗಿದ ನಿಂಬೆಗಿಡದ ಫೋಟೊ ಅಂಟಿಸಿ ಕೆಳಗೆ, ‘ಉಳಿಸಿ ಅಂದಿರಿ, ಉಳಿಸಿದೆವು, ಈಗ ಅದಕ್ಕೇ ದಂಡವೇ?’ ಎಂದು ಬರೆದಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಬಳಕೆ ಇಳಿದರೂ ಪೈಪಿನ ಉದ್ದ ಇಳಿಯುವುದಿಲ್ಲ, ಸಾಲದ ಕಂತೂ ಇಳಿಯುವುದಿಲ್ಲ. ಅದೇ ಖರ್ಚು ಕಡಿಮೆ ಯೂನಿಟ್ಟುಗಳ ಮೇಲೆ ಬೀಳುತ್ತದೆ. ಈಗ ನೋಟಿಸಿನ ಮೊದಲ ಪುಟದಲ್ಲೇ ಸ್ಥಿರ ಖರ್ಚನ್ನು ಬೇರೆ ತೋರಿಸುತ್ತೇನೆ.

ಬೆಂಗಳೂರು ಜಲಮಂಡಳಿ 2014ರ ನಂತರ ದರ ಮುಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ಇನ್ನು ಮುಂದೆ ವರ್ಷಕ್ಕೆ ಶೇ 3ರಂತೆ ಏರಿಕೆ ಎಂದೂ ಅದರಲ್ಲೇ ಸೇರಿಸಿತು. ಅಲ್ಲಿನ ಗೆಳೆಯರು ಬೈದರು, ನನಗೆ ಮಾತ್ರ ಸರಿ ಅನ್ನಿಸಿತು. ನಮ್ಮಲ್ಲೂ 2008ರ ಕಾನೂನು ಐದು ವರ್ಷದ ದರಪಟ್ಟಿಯನ್ನು ಒಮ್ಮೆಗೇ ಒಪ್ಪಿಸಿಕೊಂಡು, ಸಗಟು ದರ ಏರಿದಂತೆ 30 ದಿನದ ನೋಟಿಸಿನಲ್ಲಿ ಜಾರಿಗೆ ತರಲು ಬಿಡುತ್ತದೆ. ಚುನಾವಣೆಯ ವರ್ಷವೆಂದು ಏರಿಕೆ ಮುಂದೂಡುವ ಆಸೆಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ.

ನನಗೆ ಒಪ್ಪಿಗೆಯಿಲ್ಲದ್ದು ಒಂದಿದೆ. ಪಿಂಚಣಿಯಲ್ಲಿ ಬದುಕುವ ಅಜ್ಜಿಗೆ ರಿಯಾಯಿತಿ ಕೊಡಬೇಕೆಂದರೆ ಆ ಹಣವನ್ನು ಪಕ್ಕದ ಮನೆಯವರ ನೀರಿನ ಬಿಲ್ಲಿನಿಂದ ತೆಗೆಯುವಂತಿಲ್ಲ. ದರದಿಂದ ಬಾರದ ಹಣ ಹುಡುಕಬೇಕು: ನೀರಿನ ಟ್ಯಾಂಕಿನ ಮೇಲೆ ಮೊಬೈಲ್ ಕಂಪನಿಗಳು ಕೂರಿಸಿದ ಆಂಟೆನಾದ ಬಾಡಿಗೆ, ಇಲ್ಲವೇ ಸಾಮಾನ್ಯ ನಿಧಿ. ರಿಯಾಯಿತಿ ಎಷ್ಟು ಮಂದಿಗೆ ಎಂಬುದು ಆಂಟೆನಾದ ಲೆಕ್ಕದಲ್ಲಿ ತೀರ್ಮಾನವಾಗುವುದು ವಿಚಿತ್ರ.

ಮನೆ ಶುಲ್ಕಕ್ಕೆ ಕಾನೂನೂ ಬೇರೆ, ತರ್ಕವೂ ಬೇರೆ. 2024ರಲ್ಲಿ ನಮ್ಮ ಕೌಂಟಿಯಲ್ಲಿ ನಾಲ್ವರ ಕುಟುಂಬದ ಮಧ್ಯಮ ಆದಾಯ ವರ್ಷಕ್ಕೆ 1,84,300 ಡಾಲರ್. ಲಕ್ಷ ಡಾಲರ್ ದುಡಿಯುವ ಅಂಥ ಕುಟುಂಬವೂ ‘ಕಡಿಮೆ ಆದಾಯ’ದ ಪಟ್ಟಿಗೇ ಸೇರುತ್ತದೆ. ಹೊಸ ಆಫೀಸು ಬಂದರೆ ಹೋಟೆಲು, ಅಂಗಡಿ, ಸಫಾಯಿಯ ಕೆಲಸಗಳೂ ಬರುತ್ತವೆ. ಆ ಕೆಲಸಗಾರರಿಗೆ ಇಲ್ಲಿ ಮನೆ ಕೈಗೆಟುಕುವುದಿಲ್ಲ. ಒಂದು ಮನೆ ಕಟ್ಟುವ ಖರ್ಚಿಗೂ ಅವರು ಕೊಡಬಲ್ಲದ್ದಕ್ಕೂ ಇರುವ ಅಂತರವನ್ನು ಕಟ್ಟಡದ ಚದರಡಿಗೆ ಹಂಚಿದರೆ ಶುಲ್ಕದ ಮೇಲ್ಮಿತಿ ಸಿಗುತ್ತದೆ. ಇದು ಪರಿಣತರ ವರದಿಯಲ್ಲಿರಬೇಕು; 2021ರ ಕಾನೂನಿನಿಂದ ಎಂಟು ವರ್ಷಕ್ಕೊಮ್ಮೆ ಹೊಸದಾಗಬೇಕು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶೀಟ್ಸ್ ಮೊಕದ್ದಮೆಯಲ್ಲಿ, ಚುನಾಯಿತ ಸಭೆ ಕಾಯ್ದೆಯಾಗಿಯೇ ಹೇರಿದ ಶುಲ್ಕವೂ ಆಸ್ತಿ ಹಕ್ಕಿನ ಪರೀಕ್ಷೆಯಿಂದ (ಶುಲ್ಕಕ್ಕೂ ಕಟ್ಟಡದ ಪರಿಣಾಮಕ್ಕೂ ಸಂಬಂಧವಿದೆಯೇ, ಪ್ರಮಾಣ ಸರಿಯೇ ಎಂಬುದು) ಹೊರತಲ್ಲ ಎಂದಿತು. ಮೇಲ್ಮಿತಿಗಿಂತ ಬಹಳ ಕೆಳಗೆ ನಿಲ್ಲಲು ಇದೂ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಶುಲ್ಕ ವಿಪರೀತವಾದರೆ ಕಟ್ಟುವವರೇ ಬರುವುದಿಲ್ಲ.

ಪ್ರತಿವರ್ಷದ ನನ್ನ ಕೆಲಸ ನಿರ್ಮಾಣ ವೆಚ್ಚದ ಸೂಚ್ಯಂಕ ನೋಡಿ ದರ ಸರಿಪಡಿಸುವುದು. ಹೊಸ ಶುಲ್ಕವಾದರೆ ನಗರಸಭೆ ಒಪ್ಪಿದ ಮೇಲೂ 60 ದಿನ ಕಾಯಬೇಕು. ಜೊತೆಗೆ 2019ರ ಕಾನೂನಿನಂತೆ ವಸತಿ ಯೋಜನೆಯ ಪ್ರಾಥಮಿಕ ಅರ್ಜಿ ಹಾಕಿದ ದಿನದ ದರವೇ ಬಿಲ್ಡರ್‌ಗೆ ಖಾಯಂ. ಸೂಚ್ಯಂಕದ ಏರಿಕೆಯನ್ನು ಮೂಲ ಠರಾವಿನಲ್ಲೇ ಬರೆದಿದ್ದರೆ ಅದಷ್ಟು ಮಾತ್ರ ಮುಂದೆಯೂ ಅನ್ವಯ. ಆ ಒಂದು ಸಾಲು ಇದೆಯೇ ಎಂದು ವಕೀಲರ ಕರಡನ್ನು ಮೊದಲು ನೋಡುತ್ತೇನೆ. ಇಲ್ಲದಿದ್ದರೆ ದರ ಏರುವ ಸುದ್ದಿ ಬಿದ್ದ ಕೂಡಲೇ ಕೌಂಟರಿನಲ್ಲಿ ಅರ್ಜಿಗಳ ನೂಕುನುಗ್ಗಲು.

ಈ ಮನೆ ಶುಲ್ಕದಿಂದ ಈ ವರ್ಷ ಎಷ್ಟು ಬರುತ್ತದೆ ಎಂದು ನಗರಸಭೆಯ ಸದಸ್ಯರು ಕೇಳಿಯೇ ಕೇಳುತ್ತಾರೆ. ಪರವಾನಗಿ ಪಡೆಯುವ ಹಂತಕ್ಕೆ ಬಂದಿರುವ ಕಟ್ಟಡಗಳ ಮೊತ್ತವನ್ನಷ್ಟೇ ಬಜೆಟ್‌ಗೆ ಹಾಕುತ್ತೇನೆ. ಬರೀ ಅರ್ಜಿ ಬಿದ್ದವನ್ನು ಆದಾಯವೆಂದು ಹಿಡಿಯುವುದಿಲ್ಲ.